ಹಾರುವ ಓತಿಯನ್ನು ಎಬ್ಬಿಸಬೇಡಿ, ಕಾಯಿರಿ

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಹಾರುವ ಓತಿಗಳು ಜಾಸ್ತಿ. ಕ್ಯಾಮೆರಾ ಹಿಡಿದು ಹತ್ತಿರ ಹೋದರೆ ಸಾಕು, ಮರದ ಆಚೆ ಬದಿಗೆ ಸರಿದುಬಿಡುತ್ತವೆ. ಕೋಲಿನಿಂದ ಮರ ಬಡಿದರೆ ಹಾರುತ್ತವೆ, ಆದರೆ ಫೋಟೋ ಪೂರ್ತಿ ಮಸುಕು. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಆ ಕೋಲು ಕೆಳಗಿಡಿ. ಹೆದರಿ ಹಾರಿದ ಓತಿ ಎತ್ತ ಹೋಗುತ್ತದೋ ನಿಮಗೆ ಗೊತ್ತಾಗುವುದಿಲ್ಲ, ಫೋಕಸ್ ಸಿಗದಿರುವುದಕ್ಕೆ ಅರ್ಧ ಕಾರಣ ಅದೇ. ಪಾಪ, ಅದಕ್ಕೂ ಸುಮ್ನೆ ಹಿಂಸೆ.

ಬೆಳಿಗ್ಗೆ ಬಿಸಿಲು ಮರದ ಮೇಲೆ ಬಿದ್ದ ಮೇಲೆ ತೋಟಕ್ಕೆ ಹೋಗಿ, ಝೂಮ್ ಲೆನ್ಸ್ ಹಾಕಿ ದೂರದಲ್ಲೇ ಕುಳಿತುಬಿಡಿ. ನೀವು ಅಲುಗಾಡದೆ ಕುಳಿತರೆ ಆಚೆ ಬದಿಗೆ ಹೋದದ್ದು ಮತ್ತೆ ಈಚೆ ಬರುತ್ತದೆ. ಅದರ ದಿನಚರಿ ಸರಳ. ಇರುವೆ ಹೆಕ್ಕಿ ತಿನ್ನುತ್ತಾ ಮೇಲೇರುತ್ತದೆ, ಆಮೇಲೆ ಇನ್ನೊಂದು ಮರದತ್ತ ಮುಖ ಮಾಡಿ, ಸ್ವಲ್ಪ ಹೊತ್ತು ನೋಡಿ, ಜಿಗಿಯುತ್ತದೆ. ಜಿಗಿದಾಗ ಮೊದಲು ಕೆಳಕ್ಕೆ ಬೀಳುತ್ತದೆ, ಆಮೇಲೆ ತೇಲುತ್ತಾ ಹೋಗಿ ಎದುರಿನ ಮರದಲ್ಲಿ ಹೊರಟಿದ್ದಕ್ಕಿಂತ ಕೆಳಗೆ, ತಲೆ ಮೇಲಾಗಿ ಅಂಟಿಕೊಳ್ಳುತ್ತದೆ. ಅದು ಯಾವ ಮರದ ಕಡೆ ನೋಡುತ್ತಿದೆ ಅನ್ನುವುದು ಗೊತ್ತಾದರೆ ನಿಮ್ಮ ಅರ್ಧ ಕೆಲಸ ಮುಗೀತು. ಎರಡೂ ಮರ ಪಕ್ಕದಿಂದ ಕಾಣುವ ಜಾಗ ಹಿಡಿಯಿರಿ, ಶಟರ್ ಸ್ಪೀಡ್ (ಶಟರ್ ತೆರೆದಿರುವ ಸಮಯ) ಸೆಕೆಂಡಿನ 1/2000ಕ್ಕಿಂತ ನಿಧಾನ ಬೇಡ. ತೋಟದ ನೆರಳಲ್ಲಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸಲೇಬೇಕು, ಫೋಟೋ ಸ್ವಲ್ಪ ಕಾಳುಕಾಳಾದರೂ ಪರವಾಗಿಲ್ಲ.

ಚಿತ್ರ ಚೆನ್ನಾಗಿ ಬಂದರೆ ಮುಂಗಾಲು ಎಲ್ಲಿದೆ ನೋಡಿ. ಉದ್ದವಾದ ಪಕ್ಕೆಲುಬುಗಳು ಚರ್ಮವನ್ನು ಬಿಡಿಸಿ ರೆಕ್ಕೆ ಮಾಡುತ್ತವೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಹಾರುವಾಗ ಅದು ಮುಂಗಾಲನ್ನು ಹಿಂದಕ್ಕೆ ತಂದು ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ, ಇಳಿಯುವ ಹೊತ್ತಿಗೆ ಬಿಟ್ಟು ಮರ ಹಿಡಿಯುತ್ತದೆ. 2017ರಲ್ಲಿ ಮ್ಯಾಕ್ಸಿಮಿಲಿಯನ್ ಡೇಲಿಂಗ್ ಎಂಬ ವಿಜ್ಞಾನಿ ಇದನ್ನು ಪ್ರಕಟಿಸಿದರು, ಅದೂ ನಮ್ಮ ಪಶ್ಚಿಮ ಘಟ್ಟದ ಜಾತಿಯನ್ನೇ ಗಮನಿಸಿ! ತೋಟದಲ್ಲಿ ಕುಳಿತು ತೆಗೆದ ಫೋಟೋಗೆ ಎಷ್ಟು ಬೆಲೆ ಇದೆ ನೋಡಿ.

ಹಾರುವುದೊಂದೇ ಬೇಕು ಅಂತ ಹಟ ಹಿಡಿಯಬೇಡಿ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಾವುಟದ ಹಾಗೆ ಚಾಚಿ ಮಡಚುತ್ತದೆ. ಹೆಣ್ಣಿಗೋ ಇನ್ನೊಂದು ಗಂಡಿಗೋ ಕಾಣಲಿ ಅಂತ. ಹಿಂದಿನಿಂದ ಬಿಸಿಲು ಬಿದ್ದರೆ ಆ ಹಳದಿ ಬೆಳಗುತ್ತದೆ, ನನಗಂತೂ ಹಾರಾಟಕ್ಕಿಂತ ಇದೇ ಇಷ್ಟ.

ಪ್ರಶ್ನೆ: ಒಂದು ಓತಿ ನೆಲಕ್ಕಿಳಿದು ಮಣ್ಣು ಕೆದಕುತ್ತಿತ್ತು. ಗಾಯವಾಗಿತ್ತಾ? ಎತ್ತಿ ಮರಕ್ಕೆ ಬಿಡಬೇಕಿತ್ತಾ?
– ಓದುಗರು, ಶೃಂಗೇರಿ

ಉತ್ತರ: ಬೇಡ, ಮುಟ್ಟಬೇಡಿ. ಅದು ಮೊಟ್ಟೆ ಇಡಲು ಬಂದ ಹೆಣ್ಣು ಇರಬೇಕು. ಇವು ಹೆಚ್ಚಾಗಿ ನೆಲಕ್ಕಿಳಿಯುವುದೇ ಆ ಕೆಲಸಕ್ಕೆ. ಆ ಹೊತ್ತಲ್ಲಿ ಹತ್ತಿರ ಹೋದರೆ ಗುಳಿ ಅರ್ಧಕ್ಕೇ ಬಿಟ್ಟು ಓಡಿಹೋಗಬಹುದು. ದೂರದಿಂದ ಒಂದೆರಡು ಫೋಟೋ ತೆಗೆದು, ಫ್ಲ್ಯಾಶ್ ಹಾಕದೆ, ಹಿಂದೆ ಸರಿಯಿರಿ. ಆ ಜಾಗದಲ್ಲಿ ಕೆಲವು ವಾರ ಮಣ್ಣು ಅಗೆಯದಂತೆ ತೋಟದ ಕೆಲಸದವರಿಗೂ ಹೇಳಿಬಿಡಿ.