ಕಬ್ಬಿಣ ಕಡಿಮೆಯಾಗಿಲ್ಲ, ಬಚ್ಚಿಟ್ಟಿದೆ

ಪತ್ರ: ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆ. ಕಬ್ಬಿಣಾಂಶ ಕಡಿಮೆ ಅಂತ ಬಂತು. ರೋಗಾಣುಗಳು ನಮ್ಮ ಕಬ್ಬಿಣ ಕದಿಯುತ್ತವೆ ಎಂದು ನಿಮ್ಮ ಪತ್ರಿಕೆಯಲ್ಲೇ ಓದಿದ್ದೆ. ಹಾಗಾದರೆ ಹೋದದ್ದನ್ನು ಕೂಡಲೇ ತುಂಬಿಕೊಡಬೇಕಲ್ಲವೇ? ವೈದ್ಯರು ಮಾತ್ರ “ಮೊದಲು ಜ್ವರ ಇಳಿಯಲಿ” ಎಂದು ಸುಮ್ಮನಾದರು. ಇದು ಉದಾಸೀನ ಅಲ್ವಾ?
– ಒಬ್ಬ ಓದುಗ

ಸಂಪಾದಕರ ಉತ್ತರ: ಅಲ್ಲ. ಆ ವೈದ್ಯರಿಗೆ ನನ್ನದೊಂದು ನಮಸ್ಕಾರ ತಿಳಿಸಿ.

ಲೇಖನವನ್ನು ನೀವು ಗಮನವಿಟ್ಟೇ ಓದಿದ್ದೀರಿ, ಆದರೆ ಅರ್ಧಕ್ಕೆ ಬಿಟ್ಟಂತಿದೆ. ಕಳ್ಳತನ ನಡೆಯುವುದು ನಿಜ. ಆದರೆ ನಿಮ್ಮ ರಿಪೋರ್ಟಿನಲ್ಲಿ ಕಂಡ ಕೊರತೆ ಕಳ್ಳನ ಕೆಲಸವಲ್ಲ, ಮನೆ ಯಜಮಾನನದು. ಸೋಂಕು ತಗುಲಿದರೆ ನಮ್ಮ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಆಗ ಕರುಳಿನಿಂದ ರಕ್ತಕ್ಕೆ ಕಬ್ಬಿಣ ಬರುವ ದಾರಿ ಮುಚ್ಚುತ್ತದೆ. ಹಳೆಯ ಕೆಂಪು ರಕ್ತಕಣಗಳನ್ನು ಒಡೆದು ಕಬ್ಬಿಣ ಉಳಿಸಿಕೊಡುವ ಜೀವಕೋಶಗಳೂ ಅದನ್ನು ಹೊರಗೆ ಬಿಡುವುದಿಲ್ಲ. ಕಬ್ಬಿಣ ಮೈಯಲ್ಲೇ ಇದೆ. ರಕ್ತದಲ್ಲಿ ಓಡಾಡುತ್ತಿಲ್ಲ, ಅಷ್ಟೆ.

ಇಷ್ಟು ಜಿಪುಣತನ ಯಾಕೆ? 1944ರಲ್ಲಿ ಶೇಡ್ ಮತ್ತು ಕ್ಯಾರೊಲಿನ್ ಎಂಬ ಇಬ್ಬರು ವಿಜ್ಞಾನಿಗಳು ಹಸಿ ಮೊಟ್ಟೆಯ ಬಿಳಿಭಾಗದಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಇದ್ದದ್ದನ್ನು ಕಂಡರು. ಏನೇನೋ ಬೆರೆಸಿ ನೋಡಿದರು. ಕಬ್ಬಿಣ ಬೆರೆಸಿದಾಗ ಮಾತ್ರ ಅವು ಮತ್ತೆ ಬೆಳೆದವು. ಎರಡು ವರ್ಷದ ಮೇಲೆ ನಮ್ಮ ರಕ್ತದಲ್ಲೂ ಅಂಥದೇ ಪ್ರೋಟೀನು ಇದೆ ಎಂದು ತೋರಿಸಿದರು. ಅದೇ ಟ್ರಾನ್ಸ್‌ಫೆರಿನ್. ಅದು ಕಬ್ಬಿಣವನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಂದರೆ, ರಕ್ತದಲ್ಲಿ ಬಿಡಿ ಕಬ್ಬಿಣ ಇಲ್ಲವೆಂದೇ ಹೇಳಬಹುದು.

ಬ್ಯಾಕ್ಟೀರಿಯಾ ಏನು ಕಡಿಮೆಯೇ? ಇ. ಕೋಲಿ ಎಂಟೆರೊಬ್ಯಾಕ್ಟಿನ್ ಎಂಬ ಪುಟ್ಟ ಅಣುವನ್ನು ಹೊರಗೆ ಬಿಡುತ್ತದೆ. ಕಬ್ಬಿಣ ಹಿಡಿಯುವುದರಲ್ಲಿ ಅದು ಟ್ರಾನ್ಸ್‌ಫೆರಿನ್ನನ್ನೇ ಮೀರಿಸುತ್ತದೆ. ಅದನ್ನು ದಾರಿಯಲ್ಲೇ ಹಿಡಿದುಹಾಕಲು ನಮ್ಮ ದೇಹ ಲಿಪೊಕ್ಯಾಲಿನ್ ಎಂಬ ಪ್ರೋಟೀನನ್ನು ಕಳಿಸುತ್ತದೆ. ಸಾಲ್ಮೊನೆಲ್ಲಾ ಅದಕ್ಕೂ ಒಂದು ಉಪಾಯ ಕಂಡುಕೊಂಡಿದೆ. ಅದೇ ಅಣುವಿಗೆ ಸಕ್ಕರೆ ಅಂಟಿಸಿ ಲಿಪೊಕ್ಯಾಲಿನ್‌ನ ಕೈಗೆ ಸಿಗದಂತೆ ಮಾಡುತ್ತದೆ. ಗೊನೋರಿಯಾ ರೋಗಾಣುವಿಗೆ ಈ ಸುತ್ತುದಾರಿಯೂ ಬೇಡ. ಅದು ನೇರವಾಗಿ ಟ್ರಾನ್ಸ್‌ಫೆರಿನ್‌ನಿಂದಲೇ ಕಬ್ಬಿಣ ಕಿತ್ತುಕೊಳ್ಳುತ್ತದೆ. ನನ್ನ ಮೆಚ್ಚುಗೆ ಮಾತ್ರ ಲೈಮ್ ರೋಗದ ಬೊರೆಲಿಯಾಕ್ಕೆ. ಈ ಜಗಳವೇ ಬೇಡವೆಂದು ಅದು ಕಬ್ಬಿಣದ ಸಹವಾಸವನ್ನೇ ಬಿಟ್ಟು ಮ್ಯಾಂಗನೀಸ್‌ನಲ್ಲಿ ಬದುಕುತ್ತದೆ.

ಕಬ್ಬಿಣ ಬಚ್ಚಿಟ್ಟರೆ ಕೆಲವು ರೋಗಾಣು ಇನ್ನೂ ಕೆರಳುವುದಿಲ್ಲವೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಗಂಟಲಮಾರಿಯ ಬ್ಯಾಕ್ಟೀರಿಯಾ ಕಬ್ಬಿಣ ಕಡಿಮೆಯಾದಾಗಲೇ ಜಾಸ್ತಿ ವಿಷ ಮಾಡುತ್ತದೆ. ಇದು 1930ರ ದಶಕದಲ್ಲೇ ಗೊತ್ತಾಗಿತ್ತು. ಕಬ್ಬಿಣ ಸಿಗದಿದ್ದರೆ, ತಾನೀಗ ಯಾರದೋ ಮೈಯೊಳಗೆ ಇದ್ದೇನೆ ಎಂದು ಅದಕ್ಕೆ ಸುಳಿವು ಸಿಕ್ಕಂತೆ. ಹಾಗಂತ ಕಬ್ಬಿಣ ಸುರಿದು ವಿಷ ನಿಲ್ಲಿಸುತ್ತೇನೆ ಅನ್ನಬೇಡಿ. ಅದು ಬೆಳೆಯುವುದಕ್ಕೂ ಅದೇ ಕಬ್ಬಿಣ ಬೇಕು.

2009ರಲ್ಲಿ ಷಿಕಾಗೋದ ಒಬ್ಬ ಸಂಶೋಧಕರು ಪ್ಲೇಗಿನಿಂದ ತೀರಿಕೊಂಡರು. ಅವರು ಪ್ರಯೋಗಾಲಯದಲ್ಲಿ ಬಳಸುತ್ತಿದ್ದದ್ದು ಕಬ್ಬಿಣ ದೋಚುವ ಶಕ್ತಿ ಕಳೆದುಕೊಂಡಿದ್ದ, ನಿರುಪದ್ರವಿ ಎಂದು ಹೆಸರಾಗಿದ್ದ ತಳಿ. ಅವರಿಗೆ ಮೈಯಲ್ಲಿ ಕಬ್ಬಿಣ ಅತಿಯಾಗಿ ಸೇರುವ ವಂಶಪಾರಂಪರ್ಯ ಕಾಯಿಲೆ ಇದ್ದದ್ದು ಸತ್ತ ಮೇಲೆ ತಿಳಿಯಿತು. ದೋಚಲಾರದ ರೋಗಾಣುವಿಗೆ ಅಲ್ಲಿ ಬೇಕಾದಷ್ಟು ಸುಲಭವಾಗಿ ಸಿಕ್ಕಿರಬೇಕು ಎಂಬುದು ತಜ್ಞರ ಊಹೆ. ಇನ್ನೊಂದು ಹಳೆಯ ಸಂಗತಿ. 1978ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಬ್ಬಿಣದ ಕೊರತೆಯಿದ್ದ ಸೊಮಾಲಿ ಅಲೆಮಾರಿಗಳಿಗೆ ಕಬ್ಬಿಣ ಕೊಟ್ಟರು. ಕಬ್ಬಿಣ ಪಡೆಯದವರಿಗಿಂತ ಪಡೆದವರಲ್ಲೇ ಸೋಂಕು ಹೆಚ್ಚಾಯಿತು. ಮಲೇರಿಯಾ, ಕ್ಷಯ ಎಲ್ಲ ತಲೆ ಎತ್ತಿದವು.

ರಕ್ತಹೀನತೆ ದೊಡ್ಡ ಸಮಸ್ಯೆ, ಒಪ್ಪುತ್ತೇನೆ. ಗರ್ಭಿಣಿಯರಿಗೆ, ಮಕ್ಕಳಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಯಾರೂ ಈ ಉತ್ತರ ಓದಿ ನಿಲ್ಲಿಸಬಾರದು. ನನ್ನ ಸಿಟ್ಟು ಬೇರೆ ಕಡೆ ಇದೆ. ರಿಪೋರ್ಟಿನಲ್ಲಿ ಒಂದು ಅಂಕಿಯ ಪಕ್ಕ ನಕ್ಷತ್ರ ಗುರುತು ಕಂಡರೆ ಸಾಕು, ಅದನ್ನು ಅಳಿಸುವವರೆಗೆ ನಮಗೆ ನಿದ್ದೆ ಬರುವುದಿಲ್ಲ. ದೇಹ ಬೇಕೆಂದೇ ಇಳಿಸಿರಬಹುದು ಅಂತ ಯಾರೂ ಯೋಚಿಸುವುದಿಲ್ಲ. ಶಕ್ತಿ ತುಂಬುವ ಪುಡಿ, ರೋಗನಿರೋಧಕ ಹೆಚ್ಚಿಸುವ ಸಿರಪ್ಪು ಮಾರುವವರಿಗೆ ಇದೇ ಬಂಡವಾಳ. ಅವರ ಜಾಹೀರಾತಿಗೆ ಮುಖಪುಟದ ಒಳಬದಿಯನ್ನೇ ಬಿಟ್ಟುಕೊಡುವ ಪತ್ರಿಕೆಗಳೂ ಇವೆ. ರೋಗನಿರೋಧಕ ವ್ಯವಸ್ಥೆಯ ಅರ್ಧ ಕೆಲಸ ಹಂಚುವುದಲ್ಲ, ತಡೆಹಿಡಿಯುವುದು ಎಂದು ಬಾಟಲಿಯ ಮೇಲೆ ಬರೆದರೆ ಯಾರು ಕೊಳ್ಳುತ್ತಾರೆ?

ಜ್ವರ ಇಳಿದು ಕೆಲವು ವಾರ ಆದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಫೆರಿಟಿನ್ ಬಗ್ಗೆಯೂ ಕೇಳಿ. ಉಗ್ರಾಣದಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ಅದು. ಜ್ವರದಲ್ಲಿ ಅದು ತಾನಾಗಿಯೇ ಏರುತ್ತದೆ, ಆದ್ದರಿಂದ ಈಗ ನೋಡಿ ಪ್ರಯೋಜನ ಕಡಿಮೆ. ಇನ್ನು, ಪತ್ರದ ಕೊನೆಗೆ ಆ ವೈದ್ಯರ ಬಗ್ಗೆ ನೀವು ಬರೆದಿದ್ದ ಎರಡು ಸಾಲುಗಳನ್ನು ನಾನೇ ತೆಗೆದುಹಾಕಿದ್ದೇನೆ. ನಾಳೆ ಮತ್ತೆ ಅವರ ಹತ್ತಿರವೇ ಹೋಗಬೇಕಲ್ಲ ನೀವು.