ತಾನಾಗಿ ಆಗುತ್ತೆ ಅಂತ ಕಾಯಬೇಡಿ

ಪತ್ರ: ಮಗಳಿಗೆ 13 ವರ್ಷ, ಎತ್ತರ 128 ಸೆಂ.ಮೀ. ಜೊತೆಯ ಹುಡುಗಿಯರೆಲ್ಲ ದೊಡ್ಡವರಾಗಿದ್ದಾರೆ. ಇವಳಿಗೆ ಎದೆಯೂ ಮೂಡಿಲ್ಲ. ರಕ್ತ ಪರೀಕ್ಷೆಯಲ್ಲಿ ಟರ್ನರ್ ಸಿಂಡ್ರೋಮ್ ಅಂತ ಬಂದಿದೆ. ಡಾಕ್ಟರು ಹಾರ್ಮೋನ್ ಶುರು ಮಾಡೋಣ ಅಂತಾರೆ. ಅತ್ತೆ ಬೇಡ ಅಂತಾರೆ. ಕಂಕುಳಲ್ಲಿ ಕೂದಲು ಬಂದಿದೆ, ಇನ್ನೇನು ತಾನಾಗಿ ಆಗುತ್ತೆ, ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಬರುತ್ತೆ ಅನ್ನೋದು ಅವರ ಮಾತು. ಸೋದರಮಾವನ ಮಗನನ್ನು ಮದುವೆಯಾಗಿದ್ದಕ್ಕೇ ಹೀಗಾಯ್ತು ಅಂತ ನೆಂಟರು ಆಡಿಕೊಳ್ಳುತ್ತಾರೆ. ಮಗಳಿಗೆ ಇನ್ನೂ ಏನೂ ಹೇಳಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ನೆಂಟರ ಮಾತನ್ನು ಮೊದಲು ಪಕ್ಕಕ್ಕಿಡಿ. ಇದು ಸಂಬಂಧದಲ್ಲಿ ಮದುವೆಯಾಗಿದ್ದರಿಂದ ಬರುವುದಲ್ಲ. ಬಸಿರಿನಲ್ಲಿ ನೀವು ತಿಂದಿದ್ದು, ಬಿಟ್ಟಿದ್ದು ಯಾವುದೂ ಕಾರಣವಲ್ಲ. ಹುಡುಗಿಯರ ಜೀವಕೋಶಗಳಲ್ಲಿ ಎರಡು ಎಕ್ಸ್ ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆ) ಇರಬೇಕು. ಟರ್ನರ್‌ನಲ್ಲಿ ಒಂದು ಪೂರ್ತಿ ಇರುವುದಿಲ್ಲ, ಇಲ್ಲವೇ ಅದರ ಒಂದು ತುಂಡು ಇರುವುದಿಲ್ಲ. ಅದು ಆಕಸ್ಮಿಕವಾಗಿ ಆಗುವಂಥದ್ದು. ಸುಮಾರು 2,000 ದಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹೀಗಿರುತ್ತದೆ. ಎಂದರೆ ನಿಮ್ಮ ಜಿಲ್ಲೆಯಲ್ಲೇ ಇಂಥ ಹುಡುಗಿಯರು ಇನ್ನೂ ಇದ್ದಾರೆ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ.

ಇನ್ನು ಆ ಕಂಕುಳ ಕೂದಲು. ನಿಮ್ಮತ್ತೆ ಮಾತ್ರ ಅಲ್ಲ, ಎಷ್ಟೋ ಮನೆಗಳಲ್ಲಿ ಇದನ್ನು ನೋಡಿಯೇ ಸುಮ್ನಾಗಿಬಿಡುತ್ತಾರೆ. ಆ ಕೂದಲು ಬರುವುದು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನಿನಿಂದ. ಟರ್ನರ್ ಇದ್ದರೂ ಅದು ತನ್ನ ಕೆಲಸ ತಾನು ಮಾಡುತ್ತದೆ. ಎದೆ ಮೂಡುವುದಕ್ಕೆ, ಗರ್ಭಕೋಶ ಬೆಳೆಯುವುದಕ್ಕೆ, ಮುಟ್ಟಾಗುವುದಕ್ಕೆ ಬೇಕಾದ ಈಸ್ಟ್ರೋಜನ್ ಬರಬೇಕಾದದ್ದು ಅಂಡಾಶಯದಿಂದ. ಈ ಹುಡುಗಿಯರಲ್ಲಿ ಅಂಡಾಣುಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಬೇಗ ಬೇಗ ಕರಗತೊಡಗುತ್ತವೆ. ಕೆಲವರಿಗೆ ಒಂದಿಷ್ಟು ಉಳಿದಿದ್ದು, ತಾನಾಗಿ ಮೈನೆರೆಯುವುದೂ ಉಂಟು. ನಿಮ್ಮ ಮಗಳು ಆ ಗುಂಪಿಗೆ ಸೇರುತ್ತಾಳೋ ಇಲ್ಲವೋ ಎಂಬುದನ್ನು ಎಫ್‌ಎಸ್‌ಎಚ್ ಎಂಬ ರಕ್ತ ಪರೀಕ್ಷೆ ಬಹುಮಟ್ಟಿಗೆ ಹೇಳುತ್ತದೆ. ಎಫ್‌ಎಸ್‌ಎಚ್ ಅಂದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯವನ್ನು ಕೂಗಿ ಎಬ್ಬಿಸಲು ಕಳಿಸುವ ಹಾರ್ಮೋನು. ಅಂಡಾಶಯ ಓಗೊಡದಿದ್ದರೆ ಆ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ, ಈ ಅಂಕಿ ಏರುತ್ತದೆ. ರಿಪೋರ್ಟ್ ತೆಗೆದು ನೋಡಿ. ಅದು ತುಂಬ ಜಾಸ್ತಿ ಇದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ಸಾಮಾನ್ಯವಾಗಿ 11–12ನೇ ವಯಸ್ಸಿಗೇ ಈಸ್ಟ್ರೋಜನ್ ಶುರು ಮಾಡುತ್ತಾರೆ. ಚರ್ಮಕ್ಕೆ ಅಂಟಿಸುವ ಪಟ್ಟಿ ಒಳ್ಳೆಯದು ಅಂತಾರೆ, ಅದು ಸಿಗದ ಕಡೆ ಮಾತ್ರೆ. ಮೊದಮೊದಲು ಡೋಸ್ ಎಷ್ಟು ಚಿಕ್ಕದೆಂದರೆ, ಕೆಲವು ಬಗೆಯ ಪಟ್ಟಿಯನ್ನು ಡಾಕ್ಟರು ಹೇಳಿದಂತೆ ಕತ್ತರಿಯಲ್ಲಿ ಕತ್ತರಿಸಿ, ಒಂದು ಚೂರನ್ನಷ್ಟೇ ಅಂಟಿಸುವುದುಂಟು. ಜುಗ್ಗತನವಲ್ಲ ಅದು! ಈಸ್ಟ್ರೋಜನ್ ಒಮ್ಮೆಗೇ ಜಾಸ್ತಿಯಾದರೆ ಮೂಳೆಯ ತುದಿಗಳು ಬೇಗ ಕೂಡಿಕೊಂಡು ಎತ್ತರ ನಿಂತುಹೋಗುತ್ತದೆ. ಅದಕ್ಕೇ ಎರಡು ಮೂರು ವರ್ಷ ಹಿಡಿದು ನಿಧಾನವಾಗಿ ಏರಿಸುತ್ತಾರೆ. ಸುಮಾರು ಎರಡು ವರ್ಷವಾದ ಮೇಲೆ ಪ್ರೊಜೆಸ್ಟರೋನ್ ಎಂಬ ಇನ್ನೊಂದು ಹಾರ್ಮೋನ್ ಸೇರಿಸುತ್ತಾರೆ, ಆಗ ತಿಂಗಳ ಮುಟ್ಟು ಬರುತ್ತದೆ. ಎಡಗೈಯ ಎಕ್ಸ್‌ರೇ ತೆಗೆದರೆ ಮೂಳೆ ಇನ್ನೆಷ್ಟು ಬೆಳೆಯಬಹುದು ಅಂತ ಗೊತ್ತಾಗುತ್ತದೆ. ಎತ್ತರಕ್ಕಾಗಿ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ಈಗಲೂ ಉಪಯೋಗವಾದೀತಾ ಅಂತ ಇದೇ ಭೇಟಿಯಲ್ಲಿ ಕೇಳಿ. ಆ ಬಾಗಿಲು ಬಹಳ ದಿನ ತೆರೆದಿರುವುದಿಲ್ಲ.

ಕ್ಯಾನ್ಸರ್ ಭಯ ಎಲ್ಲಿಂದ ಬಂತು ಗೊತ್ತಾ? 2002ರಲ್ಲಿ, ಹಾರ್ಮೋನ್ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಎಂದ ಅಮೆರಿಕದ ಒಂದು ದೊಡ್ಡ ಅಧ್ಯಯನದ ಸುದ್ದಿ ಎಲ್ಲ ಕಡೆ ಹರಡಿತು. ಅದರಲ್ಲಿದ್ದವರು 50ರಿಂದ 79 ವರ್ಷದ, ಮುಟ್ಟು ನಿಂತ ಹೆಂಗಸರು. ಅವರಿಗೆ ಕೊಟ್ಟದ್ದು ಆ ವಯಸ್ಸಿಗೆ ಸಹಜವಾಗಿ ಇರದ ಹಾರ್ಮೋನು. ನಿಮ್ಮ ಮಗಳಿಗೆ ಕೊಡುವುದು ಈ ವಯಸ್ಸಿಗೆ ಇರಲೇಬೇಕಾದದ್ದು. ಥೈರಾಯ್ಡ್ ಕಡಿಮೆ ಇದ್ದವರು ದಿನಾ ಮಾತ್ರೆ ನುಂಗುತ್ತಾರಲ್ವಾ, ಹಾಗೆ. ಕೊಡದಿದ್ದರೇ ತೊಂದರೆ, ಮೂಳೆ ಸವೆದು ಚಿಕ್ಕ ವಯಸ್ಸಿಗೇ ಮುರಿಯುವಂತಾಗುತ್ತದೆ. ಆದ್ದರಿಂದ ಇದು ಆರತಿ ಮಾಡುವವರೆಗಿನ ಔಷಧಿಯಲ್ಲ. ಸುಮಾರು 50ರ ವಯಸ್ಸಿನವರೆಗೂ ಬೇಕು.

ಮಗಳಿಗೆ ಹೇಳಿ. ಈಗಲೇ ಹೇಳಿ. 13 ವರ್ಷದ ಹುಡುಗಿ ಫೋನಿನಲ್ಲಿ ಆ ಎರಡು ಪದ ಹುಡುಕಿ ಓದುವುದಕ್ಕಿಂತ, ನಿಮ್ಮ ಬಾಯಿಂದ ಕೇಳುವುದು ವಾಸಿ. ಒಂದೇ ಸಲ ಎಲ್ಲವೂ ಬೇಡ. ಮಕ್ಕಳಾಗುವ ವಿಷಯ ಕೇಳಿದರೆ ಸುಳ್ಳು ಹೇಳಬೇಡಿ, ಕಷ್ಟ ಅನ್ನಿ, ಬೇರೆ ದಾರಿಗಳಿವೆ ಅನ್ನಿ. ಬುದ್ಧಿಗೆ ಏನೂ ಕಡಿಮೆಯಿಲ್ಲ ಅನ್ನುವುದನ್ನೂ ಹೇಳಿ. ಕೆಲವರಿಗೆ ಲೆಕ್ಕ ಸ್ವಲ್ಪ ತಡವರಿಸುತ್ತದೆ, ಅದಕ್ಕೆ ಬೈಯಬೇಡಿ.

ಹೃದಯದ ಎಕೋ (ಸ್ಕ್ಯಾನ್) ಆಗಿದೆಯಾ ಅಂತ ನೀವು ಬರೆದಿಲ್ಲ. ಟರ್ನರ್ ಇರುವವರಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಅಂದರೆ ಮಹಾಪಧಮನಿಯ ತೊಂದರೆ ಸದ್ದಿಲ್ಲದೆ ಇರಬಹುದು. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಮೂತ್ರಪಿಂಡದ ಸ್ಕ್ಯಾನ್, ಕಿವಿ, ಥೈರಾಯ್ಡ್ ಪರೀಕ್ಷೆಗಳನ್ನೂ ಅದರ ಜೊತೆಗೇ ಕೇಳಿ ಮಾಡಿಸಿಕೊಳ್ಳಿ. ಮಕ್ಕಳ ಹಾರ್ಮೋನ್ ತಜ್ಞರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.
– ಸಂ.