ಮೂರು ಸಾಲದೆ ನಾಲ್ಕು ಗಣಕಗಳೇಕೆ?

ಪ್ರಶ್ನೆ: ಒಂದೇ ಲೆಕ್ಕವನ್ನು ಮೂರು ಗಣಕಗಳಲ್ಲಿ ಇಟ್ಟರೆ, ಒಂದು ಕೆಟ್ಟರೂ ಉಳಿದೆರಡರ ಬಹುಮತದಿಂದ ಕೆಲಸ ಸಾಗುತ್ತದೆ ಎಂದು ಓದಿದ್ದೇನೆ. ಆದರೆ ‘ಬೈಜಾಂಟೈನ್ ದೋಷ’ ಎಂಬುದನ್ನು ತಡೆದುಕೊಳ್ಳಲು ಕನಿಷ್ಠ ನಾಲ್ಕು ಬೇಕಂತೆ. ಇಬ್ಬರು ಪ್ರಾಮಾಣಿಕರು ಸೇರಿ ಒಬ್ಬ ಸುಳ್ಳುಗಾರನನ್ನು ಸೋಲಿಸಲಾಗದೆ?

ಉತ್ತರ: ಕೆಟ್ಟ ಗಣಕ ಸುಮ್ಮನೆ ನಿಂತುಹೋಗುವಂಥದ್ದಾದರೆ ನೀವು ಓದಿದ್ದು ಸರಿ, ಗಣಕಗಳನ್ನು ಒಂದೇ ತೀರ್ಮಾನಕ್ಕೆ ತರುವ ಪ್ಯಾಕ್ಸೋಸ್, ರಾಫ್ಟ್ ಮೊದಲಾದ ವಿಧಾನಗಳು ಮೂರರಲ್ಲೇ ನಡೆಯುತ್ತವೆ. ಬೈಜಾಂಟೈನ್ ದೋಷವಿರುವ ಗಣಕವಾದರೋ ನಿಲ್ಲುವುದಿಲ್ಲ, ಒಬ್ಬರಿಗೊಂದು ಮತ್ತೊಬ್ಬರಿಗೊಂದು ಹೇಳುತ್ತಾ ಹೋಗುತ್ತದೆ. ವಿಮಾನವನ್ನು ನಿಯಂತ್ರಿಸುವ ಗಣಕಗಳ ವಿಶ್ವಾಸಾರ್ಹತೆಯ ಕುರಿತ ಸಂಶೋಧನೆಯ ನಡುವೆ ಈ ಸಮಸ್ಯೆಯನ್ನು ಎದುರಿಸಿದ ಪೀಸ್, ಶೋಸ್ಟಾಕ್ ಮತ್ತು ಲ್ಯಾಂಪೋರ್ಟ್, ಮೂರು ಸಾಲದೆಂಬುದನ್ನು 1980ರಲ್ಲೇ ಸಾಧಿಸಿ ತೋರಿಸಿದರು. ಪ್ರಾಚೀನ ನಗರ ಬೈಜಾಂಟಿಯಮ್ಮಿನ ಸೇನಾಪತಿಗಳ ಹೆಸರು ಅದಕ್ಕೆ ಅಂಟಿಕೊಂಡದ್ದು ಅವರ 1982ರ ಪ್ರಬಂಧದಿಂದ.

ನಿಮ್ಮ ಪ್ರಶ್ನೆಯಲ್ಲಿ ಅಡಗಿರುವ ಊಹೆಯೆಂದರೆ, ಇಬ್ಬರು ಪ್ರಾಮಾಣಿಕರು ಪರಸ್ಪರರ ಮಾತನ್ನು ಕೇಳಿಯೇ ತೀರುತ್ತಾರೆ ಎಂಬುದು. ಅಂತರಜಾಲದಂಥ ಜಾಲದಲ್ಲಿ ಸಂದೇಶ ಎಷ್ಟು ತಡವಾಗಬಹುದೆಂಬುದಕ್ಕೆ ಮಿತಿಯಿಲ್ಲವಾದ್ದರಿಂದ, ಉತ್ತರಿಸದ ಗಣಕ ಸತ್ತಿದೆಯೋ ನಿಧಾನವಾಗಿದೆಯೋ ತಿಳಿಯದು. ಒಂದು ಕೆಡಬಹುದೆಂದು ಒಪ್ಪಿಕೊಂಡ ಮೇಲೆ, ಮೂರರಲ್ಲಿ ಎರಡು ಮತ ಸಿಕ್ಕೊಡನೆ ತೀರ್ಮಾನಿಸಲೇಬೇಕು. ಈಗ ‘ಅ’ ಮತ್ತು ‘ಆ’ ಎಂಬ ಗಣಕಗಳು ಪ್ರಾಮಾಣಿಕ, ‘ಇ’ ಎಂಬುದು ಸುಳ್ಳುಗಾರ ಎನ್ನಿ. ‘ಅ’ದ ಸ್ವಂತ ಮತ ‘ಹಣ ಕೊಡು’, ‘ಆ’ದ್ದು ‘ಕೊಡಬೇಡ’. ಅವೆರಡರ ನಡುವಿನ ಸಂದೇಶಗಳು ತಡವಾದಾಗ ‘ಇ’ ಎಂಬುದು ‘ಅ’ ಬಳಿ ‘ಹಣ ಕೊಡು’ ಎಂದೂ ‘ಆ’ ಬಳಿ ‘ಕೊಡಬೇಡ’ ಎಂದೂ ಮತ ಹಾಕಿದರೆ, ತಮ್ಮ ಮತವೂ ಸೇರಿ ಇಬ್ಬರಿಗೂ ಎರಡೆರಡು ಮತಗಳ ಬಹುಮತ ದೊರೆತು ತೀರ್ಮಾನ ಎರಡಾಗುತ್ತದೆ. ಎರಡು ಬಹುಮತಗಳಲ್ಲೂ ಇದ್ದ ಏಕೈಕ ಸದಸ್ಯ ಸುಳ್ಳುಗಾರನಾದ ‘ಇ’.

ನಾಲ್ಕಿದ್ದರೆ ಮೂರು ಮತಗಳಿಗೆ ಕಾಯಬಹುದು. ನಾಲ್ವರಲ್ಲಿ ಮೂವರ ಯಾವ ಎರಡು ಗುಂಪುಗಳನ್ನು ಮಾಡಿದರೂ ಕನಿಷ್ಠ ಇಬ್ಬರು ಎರಡರಲ್ಲೂ ಇರುತ್ತಾರೆ. ಅವರಲ್ಲಿ ಒಬ್ಬನಾದರೂ ಪ್ರಾಮಾಣಿಕ, ಅವನು ಎರಡು ಬಗೆಯಾಗಿ ಮತ ಹಾಕುವುದಿಲ್ಲ. ಇದೇ ಲೆಕ್ಕದಲ್ಲಿ ಎರಡು ದೋಷಗಳಿಗೆ ಏಳು, ಮೂರಕ್ಕೆ ಹತ್ತು ಬೇಕು. ಸಂದೇಶಗಳು ನಿಗದಿತ ಸಮಯದೊಳಗೆ ತಲುಪುವ ಭರವಸೆಯಿದ್ದು, ಪ್ರತಿ ಸಂದೇಶಕ್ಕೂ ನಕಲು ಮಾಡಲಾಗದ ಸಹಿ ಇದ್ದರೆ ಮೂರರಲ್ಲೂ ನಿಭಾಯಿಸಬಹುದೆಂಬುದು ನಿಜ. ಆ ಭರವಸೆ ಇಲ್ಲದ ಕಡೆ ಸಹಿಯೊಂದರಿಂದಲೇ ಸಂಖ್ಯೆ ಇಳಿಯದು.

ಪ್ರಶ್ನೆ: ಹಾಗಾದರೆ ಪ್ರತಿಯೊಂದು ಸಂಸ್ಥೆಯೂ ಇದನ್ನು ಅಳವಡಿಸಿಕೊಳ್ಳಬೇಕೆ?

ಉತ್ತರ: ಬೇಕಿಲ್ಲವೆಂದೇ ನನ್ನ ಅಭಿಪ್ರಾಯ. 2008ರ ಜುಲೈನಲ್ಲಿ ಅಮೆಜಾನಿನ ಎಸ್3 ಸಂಗ್ರಹ ಸೇವೆ ಹಲವು ಗಂಟೆ ನಿಂತಾಗ, ಅದರ ಸರ್ವರ್‌ಗಳು ಪರಸ್ಪರ ಹರಡುತ್ತಿದ್ದ ಕೆಲವು ಸಂದೇಶಗಳಲ್ಲಿ ಕೆಟ್ಟದ್ದು ಒಂದೊಂದೇ ಬಿಟ್. ದತ್ತಾಂಶ ಕೆಟ್ಟಿದೆಯೇ ಎಂದು ಪತ್ತೆಹಚ್ಚಲು ಗ್ರಾಹಕರ ದತ್ತಾಂಶಕ್ಕಿದ್ದ ಚೆಕ್‌ಸಮ್ ಪರೀಕ್ಷೆ ಆ ಆಂತರಿಕ ಸಂದೇಶಗಳಿಗೆ ಇರಲಿಲ್ಲ. ಇಂಥ ಆಕಸ್ಮಿಕ ಸುಳ್ಳಿಗೆ ಚೆಕ್‌ಸಮ್ಮೇ ಅಗ್ಗದ ಮದ್ದು. ಕ್ಯಾಸ್ಟ್ರೋ ಮತ್ತು ಲಿಸ್ಕೋವ್ 1999ರಲ್ಲಿ ಪ್ರಕಟಿಸಿದ ಪಿಬಿಎಫ್‌ಟಿ ಎಂಬ ವಿಧಾನ, ಬೈಜಾಂಟೈನ್ ದೋಷವನ್ನು ತಡೆದುಕೊಳ್ಳುವ ಸಹಮತವನ್ನು ಬಳಕೆಗೆ ಬರುವಷ್ಟು ವೇಗಗೊಳಿಸಿತಾದರೂ, ಅದರಲ್ಲಿ ಎಲ್ಲರೂ ಎಲ್ಲರಿಗೂ ಸಂದೇಶ ಕಳುಹಿಸಬೇಕಾದ್ದರಿಂದ ಗಣಕಗಳು ಇಮ್ಮಡಿಯಾದರೆ ಸಂದೇಶಗಳು ಸುಮಾರು ನಾಲ್ಮಡಿಯಾಗುತ್ತವೆ. ಪರಸ್ಪರ ನಂಬದ ಹಲವು ಸಂಸ್ಥೆಗಳು ಒಂದೇ ಖಾತೆಪುಸ್ತಕವನ್ನು ನಡೆಸುವಾಗ ಮಾತ್ರ ಆ ಖರ್ಚಿಗೆ ಅರ್ಥವಿದೆ.